ಮಲ್ಲಿಗೆ ಗಿಡವನ್ನು ಕುರಿ ಮೇಯ್ದ ವರ್ಷ

ಮಧುಗಿರಿಯಲ್ಲಿ ಮನೆ ಮುಂದೆ ಹೂವಿನ ಗಿಡ ಬೆಳೆಸುವವರಿಗೆ ಎರಡು ಕಾಟ. ಒಂದು ಕೋತಿ, ಇನ್ನೊಂದು ಭಕ್ತರು. ಬೆಟ್ಟದಿಂದ ಇಳಿದು ಬರುವ ಕೋತಿಗಳು ದಾಸವಾಳದ ಮೊಗ್ಗನ್ನು ಕಡಲೆಕಾಯಿಯ ಹಾಗೆ ತಿಂದು ಹೋಗುತ್ತವೆ. ಅವು ಬಿಟ್ಟದ್ದನ್ನು ಬೆಳಗಿನ ವಾಕಿಂಗಿನವರು ಪ್ಲಾಸ್ಟಿಕ್ ಕವರ್ ಹಿಡಿದು ಬಂದು, ಕಾಂಪೌಂಡಿನ ಮೇಲಿಂದ ಕೈ ಚಾಚಿ ಕಿತ್ತುಕೊಳ್ಳುತ್ತಾರೆ. ಕೇಳಿದರೆ ದೇವರಿಗೆ ತಾನೇ ಎನ್ನುತ್ತಾರೆ. ನಮ್ಮ ಮನೆಯಲ್ಲೂ ದೇವರಿದ್ದಾನಲ್ಲ, ಅವನೇನು ಪಾಪ ಮಾಡಿದ್ದ? ಕೋತಿಯನ್ನಾದರೂ ಕೋಲು ತೋರಿಸಿ ಓಡಿಸಬಹುದು, ಭಕ್ತರನ್ನು ಏನು ಮಾಡುವುದು?

ಇಷ್ಟಾದರೂ ನನ್ನ ಚಟ ಬಿಟ್ಟಿಲ್ಲ. ಕೊಡಿಗೇನಹಳ್ಳಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಗುಲಾಬಿ ನಮ್ಮ ಬೋರ್‌ವೆಲ್ಲಿನ ಉಪ್ಪುನೀರು ಕುಡಿದು ಮೂರೇ ತಿಂಗಳಲ್ಲಿ ಕಣ್ಣು ಮುಚ್ಚಿತು. ಸೇವಂತಿಗೆ ಒಂದು ವರ್ಷ ಕುಂಡ ಕಾಣದಷ್ಟು ಬಿಟ್ಟು, ಮರುವರ್ಷ ಕಪ್ಪು ಹೇನು ಹತ್ತಿ ನಾಚಿಕೆಯಿಲ್ಲದೆ ಒಣಗಿತು. ಕನಕಾಂಬರ ಮಾತ್ರ ಒಳ್ಳೆಯ ಸೊಸೆಯ ಹಾಗೆ, ಹಾಕಿದ್ದು ಉಂಡು ದಿನಾ ಹೂ ಕೊಟ್ಟುಕೊಂಡಿದೆ.

ಇವೆಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ದುಂಡುಮಲ್ಲಿಗೆ. ಆರು ವರ್ಷ ಅದಕ್ಕೆ ನಾನು ಮಾಡದ ಉಪಚಾರವಿಲ್ಲ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ದೀಪಾವಳಿಗೊಂದು ಮೂಟೆ ಹಳೆಯ ಕುರಿಗೊಬ್ಬರ, ಬೇಸಿಗೆಯಲ್ಲಿ ಎರಡು ಹೊತ್ತು ನೀರು. ಗಿಡ ನನ್ನೆದೆಯ ಮಟ್ಟಕ್ಕೆ ಬಂತು. ಎಲೆಯೋ ಎಲೆ. ಹೂವು ಮಾತ್ರ ದಿನಕ್ಕೆ ಎರಡೋ ಮೂರೋ. ನನ್ನ ಯಜಮಾನರು ಆ ಎಲೆಯನ್ನು ಎಣ್ಣೆಯಲ್ಲಿ ಹುರಿದು ಪಲ್ಯ ಮಾಡಬಹುದಾ ನೋಡು ಎಂದು ದಿನಾ ಕಿಚಾಯಿಸುತ್ತಿದ್ದರು.

ಆ ಸಂಕ್ರಾಂತಿಗೆ ಹೊಳವನಹಳ್ಳಿಗೆ ಮದುವೆ ಮಾಡಿಕೊಟ್ಟ ಮಗಳು ಬಸುರಿಯೆಂಬ ಸುದ್ದಿ ಗಟ್ಟಿಯಾಯಿತು. ಮಗಳನ್ನು ಕರೆದುಕೊಂಡು ಎಳ್ಳು ಬೀರಲು ಬಂದ ಬೀಗಿತ್ತಿಯ ಮುಂದೆ ನನ್ನ ನಾಲಿಗೆ ಸುಮ್ಮನಿರಬೇಕಲ್ಲ? ಯುಗಾದಿ ಕಳೆದ ಮೇಲೆ ಸೀಮಂತ, ಮೊಗ್ಗಿನ ಜಡೆಗೆ ಅಂಗಡಿಯ ಒಂದು ಮೊಗ್ಗನ್ನೂ ತರುವುದಿಲ್ಲ, ಎಲ್ಲಾ ನಮ್ಮ ಮನೆಯ ಗಿಡದ್ದೇ ಎಂದುಬಿಟ್ಟೆ. ಮೊಗ್ಗಿನ ಜಡೆ ಹೆಣೆಯಲು ಮೊರದ ತುಂಬ ಮೊಗ್ಗು ಬೇಕು. ಬೀಗಿತ್ತಿ ಹೊರಗೆ ಬಂದು ಗಿಡವನ್ನು ಒಂದು ಸುತ್ತು ಹಾಕಿ, ಎಲೆಯ ಜಡೆಯಾದರೆ ಇವತ್ತೇ ಹಾಕಬಹುದು ಕಣ್ರೀ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮೈಯೆಲ್ಲ ಉರಿಯಿತು. ಬಸುರಿ ಮಗಳ ಮುಂದೆ ಆಡಿದ ಮಾತು, ಹೇಗಾದರೂ ಉಳಿಸಿಕೊಳ್ಳಲೇಬೇಕಿತ್ತು.

ನಮ್ಮ ಬೀದಿಯಲ್ಲಿ ದಿನಾ ಬೆಳಗ್ಗೆ ಒಬ್ಬ ಹೆಂಗಸು ಇಪ್ಪತ್ತು ಇಪ್ಪತ್ತೈದು ಕುರಿ ಹೊಡೆದುಕೊಂಡು ಕೆರೆ ಬಯಲಿಗೆ ಹೋಗುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ದೀಪಾವಳಿಯ ಗೊಬ್ಬರದ ಮೂಟೆ ಅವಳದ್ದೇ. ಗೇಟಿನ ಹತ್ತಿರ ನಿಂತು ಕಾಫಿ ಕುಡಿಯುತ್ತಾ ಆರು ವರ್ಷ ನನ್ನ ಮಲ್ಲಿಗೆಯ ಗೋಳು ಕೇಳಿದ್ದಳು. ಹೊಟ್ಟೆ ತುಂಬಿದ ಗಿಡ ಹೂ ಬುಡಾಕಿಲ್ಲ, ಒಸಿ ಒಣಗಿಸಿ ಎಲೆ ತರಿ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಉಪವಾಸ ಕೆಡವಿ ಯಾರಾದರೂ ಮಕ್ಕಳನ್ನು ಸಾಕುತ್ತಾರಾ ಎಂದು ನಾನು ಅಷ್ಟೇ ಸಲ ಬಾಯಿ ಮುಚ್ಚಿಸಿದ್ದೆ. ಸೀಮಂತದ ವಿಷಯವನ್ನೂ, ಬೀಗಿತ್ತಿಯ ಎಲೆಯ ಜಡೆಯನ್ನೂ ಅವಳಿಗೆ ಹೇಳಿಕೊಂಡು ಕಣ್ಣೊರೆಸಿಕೊಂಡಿದ್ದೆ.

ಶಿವರಾತ್ರಿ ಕಳೆದ ವಾರ. ರಾಗಿ ಡಬ್ಬಿ ತೆಗೆದುಕೊಂಡು ಹಿಟ್ಟಿನ ಗಿರಣಿಗೆ ಹೋದೆ. ಕರೆಂಟ್ ಇಲ್ಲವೆಂದು ಅರ್ಧ ಗಂಟೆಯಲ್ಲೇ ವಾಪಸ್ಸು ಬಂದರೆ ಗೇಟು ತೆರೆದಿದೆ, ಒಳಗೆ ಐದು ಕುರಿ! ಮಲ್ಲಿಗೆ ಗಿಡದಲ್ಲಿ ಒಂದೆಲೆಯಿಲ್ಲ. ಬರೀ ಕಡ್ಡಿ, ಸವೆದ ಪೊರಕೆಯ ಹಾಗೆ. ಕನಕಾಂಬರದ ಕುಂಡಗಳು ಮಾತ್ರ ಜಗಲಿಯ ಮೇಲೆ ಸಾಲಾಗಿ ಕೂತಿದ್ದವು. ಅವನ್ನು ಮೇಲಿಟ್ಟವರು ಯಾರು ಎಂದು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ಅವಳು ಗಿಡದ ಪಕ್ಕದಲ್ಲೇ ನಿಂತಿದ್ದಳು. ನಾನು ಡಬ್ಬಿಯನ್ನು ನೆಲಕ್ಕೆ ಕುಕ್ಕಿ ಬೀದಿ ಒಟ್ಟುಗೂಡುವಂತೆ ಬೈದೆ. ಬೈದದ್ದೆಲ್ಲ ನೆನಪಿಲ್ಲ, ಕೊನೆಯದೊಂದು ನೆನಪಿದೆ.

"ನಿನ್ನ ಮಂದೆ ಮಣ್ಣುಗೂಡಿ ಹೋಗ್ಲಿ."

ಅವಳು ಕೋಲು ಎತ್ತಿಕೊಂಡಳು. ಕುರಿಗಳನ್ನು ಹೊರಗೆ ಹೊಡೆದು, ಗೇಟು ಹಾಕಿ, ತಿರುಗಿ ನೋಡದೆ ಹೋದಳು. ಮರುದಿನದಿಂದ ನಮ್ಮ ಬೀದಿಯಲ್ಲಿ ಕುರಿಗಳ ಸದ್ದಿಲ್ಲ.

ಮಗಳು ಫೋನಿನಲ್ಲಿ, ಅಂಗಡಿ ಹೂವಾದರೇನಮ್ಮ, ನೀನು ಬಿಪಿ ಏರಿಸಿಕೊಳ್ಳಬೇಡ ಎಂದಳು. ಆ ಸಮಾಧಾನದಿಂದ ನನಗೆ ಇನ್ನಷ್ಟು ಅಳು ಬಂತು. ಸಾಯುವುದಾದರೆ ಸಾಯಲಿ ಎಂದು ಹದಿನೈದು ದಿನ ಮಲ್ಲಿಗೆಗೆ ಒಂದು ಚೊಂಬು ನೀರೂ ಹಾಕಲಿಲ್ಲ. ಅದರ ಕಡೆ ಬೆನ್ನು ಹಾಕಿಯೇ ಓಡಾಡಿದೆ. ಹದಿನಾರನೆಯ ದಿನ ಯಜಮಾನರು ಹಲ್ಲುಜ್ಜುತ್ತಾ ಬಂದು, ಕಡ್ಡಿಯಲ್ಲಿ ಏನೋ ಹಸಿರು ಮೂಡಿದೆ ಎಂದರು. ಸುಳ್ಳು ಎಂದುಕೊಂಡೇ ಹೋಗಿ ನೋಡಿದೆ. ಪ್ರತಿ ಗಿಣ್ಣಿನಲ್ಲೂ ಅಕ್ಕಿಕಾಳಿನಷ್ಟು ಚಿಗುರು! ಆಮೇಲೆ ಕೋಪ ಎಲ್ಲಿಯದು, ಬಕೆಟ್ಟಿಗೆ ಓಡಿದೆ.

ಯುಗಾದಿ ಕಳೆಯುವಷ್ಟರಲ್ಲಿ ಚಿಗುರಿನ ತುದಿತುದಿಗೂ ಮೂರು ಮೂರು ಮೊಗ್ಗು. ಬಸ್ ಸ್ಟ್ಯಾಂಡಿನಲ್ಲಿ ಹೂ ಕಟ್ಟುವವಳಿಗೆ, ಕುರಿ ಮೇಯ್ದ ಗಿಡ ಹೀಗೆ ಮೊಗ್ಗು ಬಿಟ್ಟಿತೆಂದು ಬೀಗುತ್ತಾ ಹೇಳಿಕೊಂಡರೆ ಅವಳು ಬಿದ್ದು ಬಿದ್ದು ನಕ್ಕಳು. ಅವರ ಊರಿನ ಮಲ್ಲಿಗೆ ತೋಟದವರು ವರ್ಷಕ್ಕೊಮ್ಮೆ ನೀರು ನಿಲ್ಲಿಸಿ, ಕುರಿಯವರನ್ನು ಕರೆದು ತಾವೇ ಗಿಡ ಮೇಯಿಸುತ್ತಾರಂತೆ. ಎಲೆ ಹೋದರೆ ಗಿಡಕ್ಕೆ ಹೂವಿನ ನೆನಪಾಗುತ್ತದಂತೆ. ನನಗೆ ನಿಂತಲ್ಲೇ ಕಿವಿ ಬಿಸಿಯಾಯಿತು.

ಅಕ್ಕ ಎಲ್ಲಿದ್ದಾಳೆಂದು ಬೀದಿಯಲ್ಲಿ ವಿಚಾರಿಸಿದೆ. ಮೇವು ತೀರಿತೆಂದು ಬಡವನಹಳ್ಳಿಯ ಕಡೆ ಒಬ್ಬರ ಹೊಲದಲ್ಲಿ ಮಂದೆ ನಿಲ್ಲಿಸಿದ್ದಾಳೆ ಎಂದರು. ಒಂದು ಮಾರು ಮಲ್ಲಿಗೆ ಕಟ್ಟಿ, ಬಾಳೆಲೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಹೊಲದಲ್ಲಿ ಅವಳು ಕುರಿ ಕೂಡುವ ತಡಿಕೆಗೆ ಹಗ್ಗ ಬಿಗಿಯುತ್ತಿದ್ದಳು. ಹೂವಿನ ಪೊಟ್ಟಣ ಬಿಚ್ಚಿ ಮೂಸಿ ನೋಡಿ, ಬಂತಾ ಎಂದಳು, ಬರುತ್ತದೆಂದು ಗೊತ್ತಿದ್ದವಳ ಹಾಗೆ. ಕುರಿ ನುಗ್ಗಿದ್ದೇ ಒಳ್ಳೆಯದಾಯಿತು ಅಕ್ಕ ಎಂದು ಶುರುಮಾಡಿದೆ.

"ಅವೆಲ್ಲಿ ನುಗ್ಗಿದ್ವು? ನಾನೇ ಬುಟ್ಟಿದ್ದು ಕಣಮ್ಮ. ಕೇಳಿದ್ರೆ ನೀನು ಬುಡ್ತಿದ್ದಾ?"

ನಾನು ಗಿರಣಿಗೆ ಹೋಗುವುದನ್ನೇ ಕಾದು, ಕುಂಡಗಳನ್ನು ಎತ್ತಿ ಜಗಲಿಗಿಟ್ಟು, ಐದೇ ಐದು ಕುರಿಗಳನ್ನು ಒಳಗೆ ಬಿಟ್ಟು, ಅವು ತೊಗಟೆಗೆ ಬಾಯಿ ಹಾಕದಂತೆ ಕಾಯುತ್ತಾ ನಿಂತಿದ್ದಳಂತೆ. ನಾನು ಬರುವುದರೊಳಗೆ ಹೊರಟುಬಿಡುವ ಲೆಕ್ಕ ಅವಳದು, ಕರೆಂಟ್ ಕೈಕೊಟ್ಟಿತು. ಅವತ್ತೇ ಯಾಕೆ ಬಾಯಿ ಬಿಟ್ಟು ಹೇಳಲಿಲ್ಲ ಎಂದು ನಾನು ಕೇಳಿದ್ದಕ್ಕೆ, ನೀನು ಉಸಿರು ತಕ್ಕೊಂಡಿದ್ರೆ ಹೇಳ್ತಿದ್ದೆ ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಹಗ್ಗದ ಗಂಟು ಬಿಗಿದು ಮುಗಿಸಿ, ನಿಧಾನಕ್ಕೆ ಹೇಳಿದಳು.

"ಆ ವಾರ ಎರಡು ಮರಿ ಹೋದ್ವು. ಹೊಟ್ಟೆ ಉಬ್ಬರ ಬಂದಿತ್ತು, ನಿನ್ನ ಮಾತಿಂದ ಅಲ್ಲ, ನಂಗೂ ಗೊತ್ತು. ಆದ್ರೂ ಹೂಳೋವಾಗ ನಿನ್ನ ಮಾತೇ ಕಿವೀಲಿತ್ತು."

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಮಾತಿಗೆ ಎಂದೂ ಬರ ಇಲ್ಲದ ನನಗೆ, ತಪ್ಪಾಯ್ತು ಅಕ್ಕ ಎಂಬ ಎರಡು ಮಾತು ಬಿಟ್ಟು ಮೂರನೆಯದು ಹೊರಡಲಿಲ್ಲ. ಅವಳು ಹೂವನ್ನು ತುರುಬಿಗೆ ಸಿಕ್ಕಿಸಿಕೊಂಡು, ಬಸ್ಸು ತಪ್ಪುತ್ತೆ ಹೊರಡು ಎಂದಳು. ಸೀಮಂತಕ್ಕೆ ಬರಲೇಬೇಕು ಎಂದೆ. ಅವಳು ಮುಂದಿನ ತಡಿಕೆಯ ಹಗ್ಗಕ್ಕೆ ಕೈ ಹಾಕಿದಳು.

ಸೀಮಂತಕ್ಕೆ ಎರಡು ಮೊರ ಮೊಗ್ಗು ಸಿಕ್ಕಿತು. ಹಿಂದಿನ ದಿನ ಸಂಜೆಯೇ ಕಿತ್ತು, ಒದ್ದೆ ಬಟ್ಟೆಯಲ್ಲಿಟ್ಟು, ಬೆಳಗ್ಗೆ ಬಾಳೆಪಟ್ಟೆಗೆ ಹೊಲಿದು ಜಡೆ ಮಾಡಿದೆವು. ಬೀಗಿತ್ತಿ ಜಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಅಷ್ಟರಲ್ಲಿ ಗೇಟಿನ ಹತ್ತಿರ ಅಕ್ಕ, ಹೊಸ ಸೀರೆ ಉಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ನಾನೇ ಹೋಗಿ ಕೈ ಹಿಡಿದು ಕರೆತಂದು, ನನ್ನ ಗಿಡ ಹೂ ಬಿಡುವ ಹಾಗೆ ಮಾಡಿದವರು ಇವರೇ ಎಂದು ಬೀಗಿತ್ತಿಗೆ ಹೇಳಿದೆ. ಬೈದದ್ದನ್ನೂ ಹೇಳಿದೆ. ಮಗಳು ಏಳಲಾರದೆ ಎದ್ದು ಅವಳಿಗೆ ನಮಸ್ಕರಿಸಲು ಬಗ್ಗಿದಳು. ಅಕ್ಕ ಅವಳನ್ನು ಬಗ್ಗಲು ಬಿಡದೆ ಹಿಡಿದು, ಹೊಟ್ಟೆಯ ಮೇಲೆ ಅಂಗೈ ಇಟ್ಟಳು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣವ್ವ."

ಎರಡು ಮರಿಗಳನ್ನು ಹೂತ ಕೈ ಅದು. ಆರತಿಗೆಂದು ಎತ್ತಿಕೊಂಡ ತಟ್ಟೆಯನ್ನು ಬೀಗಿತ್ತಿಯ ಕೈಗೆ ಕೊಟ್ಟು, ಅಷ್ಟು ಜನರ ಮುಂದೆಯೇ ನಾನು ಅತ್ತುಬಿಟ್ಟೆ.