ಹತ್ತಿ ಪ್ರೆಸ್ಸಿನ ತಿರುಪು

ಆ ಭಾನುವಾರ ಲಾರಿ ಲೋಡಿನ ಸಮೇತ ಮನೆಯ ಮುಂದೆ ಬೇವಿನ ಮರದ ಕೆಳಗೆ ನಿಂತಿತ್ತು. ಶನಿವಾರ ಸಂಜೆ ಕರೂರಿನಲ್ಲಿ ಜಾಲಿ ಕಟ್ಟಿಗೆ ಹೇರಿಕೊಂಡು ಮೋಕ ಊರಿನ ಮೇಲೆ ಹಾದು ಬಳ್ಳಾರಿಗೆ ಬಂದಿದ್ದೆವು. ಸೋಮವಾರ ಅದನ್ನು ಕುರುಗೋಡಿನ ಸುಣ್ಣದ ಭಟ್ಟಿಗೆ ಇಳಿಸಬೇಕಿತ್ತು. ನಮ್ಮವರು ಎರಡು ರೊಟ್ಟಿ, ಪುಂಡಿಪಲ್ಯ ತಿಂದರು. ಮೂರನೆಯದು ಹಾಕಲು ಹೋದರೆ ಕೈ ಅಡ್ಡ ಹಿಡಿದರು.

“ಓಬಣ್ಣನ ಕುಲುಮಿಗೆ ಹೋಗಿ ಬರಾಣ. ನೀನೂ ಬಾ.”

“ಅಲ್ಲಿ ನನಗೇನು ಕೆಲಸೈತಿ?”

“ಹ್ಯಾಂಡಲ್ಲು ತಿರುವಾಕಿ ನೀನು. ನಿನ್ನ ಎತ್ತರಕ್ಕ ಐತೋ ಇಲ್ಲೋ ನೋಡಬೇಕಲ್ಲ.”

ನಡೆದೇ ಹೋದೆವು. ಅವರು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಅಂಗಿಯ ಬೆನ್ನಿನಲ್ಲಿ ಜಾಲಿ ಮುಳ್ಳು ಕಿತ್ತ ಸಣ್ಣ ಹರಕು ಇತ್ತು. ಸಂಜೆ ಹೊಲಿಯಬೇಕು ಅಂದುಕೊಂಡೆ. ಹೊಲಿದೆ ಕೂಡ.

ಓಬಣ್ಣ ಕೌಲ್ ಬಜಾರಿನ ಕಮ್ಮಾರ. ನಮ್ಮವರಿಗೆ ಹಳೆಯ ಸ್ನೇಹಿತ. ಕುಲುಮೆಯ ಮುಂದೆ ಗೋಣಿಚೀಲದ ಮೇಲೆ, ನಮ್ಮ ಲಾರಿಯ ತೊಟ್ಟಿ ಎತ್ತಲು ತಂದ ತಿರುಪು ಮಲಗಿತ್ತು. ನನ್ನ ತೊಡೆಯಷ್ಟು ದಪ್ಪ, ನನ್ನ ಎದೆಯವರೆಗೆ ಉದ್ದ. ಮೈತುಂಬ ಸುತ್ತು ಸುತ್ತಾಗಿ ಕೊರೆದ ಗೆರೆ. ತುಕ್ಕು ತೆಗೆದು ಎಣ್ಣೆ ಹಚ್ಚಿದ್ದ.

“ಲೇ ಉಚ್ಚೆಂಗ, ಹೆಣ್ಣು ನೋಡಾಕ ನೀ ಇಷ್ಟು ದಿನ ತಗೊಂಡಿದ್ದಿಲ್ಲ,” ಎಂದ ಓಬಣ್ಣ.

“ಹೆಣ್ಣು ನೋಡಿದ್ದು ನಮ್ಮವ್ವ. ಇದನ್ನಾದರೂ ನಾ ನೋಡಿ ತರಬ್ಯಾಡೇನು?”

“ಕೇಳಿದೇನವ್ವ ತಂಗಿ?”

“ಅವರವ್ವ ನೋಡಿದ್ದಕ್ಕ ಚೊಲೋದು ಸಿಕ್ಕೈತಿ,” ಎಂದೆ. “ಇವರೇ ಬಂದಿದ್ರ ನಮ್ಮಪ್ಪನ ಎಮ್ಮಿ ನೋಡಿಕೊಂಡು ಹೋಗ್ತಿದ್ರು.”

ಇಬ್ಬರೂ ನಕ್ಕರು. ಆಮೇಲೆ ನನ್ನನ್ನು ನಿಲ್ಲಿಸಿ ಮೊಳಕೈಯಿಂದ ನೆಲಕ್ಕೆ ದಾರ ಹಿಡಿದರು. ನಮ್ಮವರು ದಾರಕ್ಕೆ ಗಂಟು ಹಾಕಿ ಓಬಣ್ಣನ ಕೈಗೆ ಕೊಟ್ಟರು. ಹ್ಯಾಂಡಲ್ಲು ಅಷ್ಟು ಎತ್ತರಕ್ಕೆ ಬರಬೇಕು ಎಂದರು.

“ನಾಳೆ ಕುರುಗೋಡಿಗೆ ಇಳಿಸಿ ಬಾ. ಮಂಗಳವಾರ ಖಾಲಿ ಲಾರಿ ತಂದು ಬಿಡು. ನಾಕು ದಿನದಾಗ ಕೂಡಿಸಿ ಕೊಡ್ತೀನಿ,” ಎಂದ ಓಬಣ್ಣ.

“ಇದೊಂದು ಲೋಡು ಕೈಲೇ ಇಳಿಸಿಬಿಡಾಣ,” ಎಂದು ನಮ್ಮವರು ನನ್ನ ಕಡೆ ನೋಡಿದರು. ನಾನು ಹೂಂ ಅಂದೆ.

ಅದು ಕಡೆಯ ಮಾಮೂಲಿ ದಿನ.

ಅವರ ಹೆಸರು ಉಚ್ಚೆಂಗೆಪ್ಪ. ನನ್ನ ಬಾಯಿಂದ ಆ ಹೆಸರು ಬಂದಿಲ್ಲ, ಕಾಗದದ ಮೇಲೆ ಬರೆದಿದ್ದೇನೆ. ಹುಡುಗನಾಗಿದ್ದಾಗಿನಿಂದ ಬಳ್ಳಾರಿಯ ಒಂದು ಹತ್ತಿ ಪ್ರೆಸ್ಸಿನಲ್ಲಿ ದುಡಿದರು. ಹತ್ತಿಯನ್ನು ಪೆಟ್ಟಿಗೆಗೆ ತುಂಬಿ, ಮೇಲಿನ ತಿರುಪಿಗೆ ಅಡ್ಡ ತೊಲೆ ಹಾಕಿ, ನಾಲ್ಕು ಜನ ಸುತ್ತಬೇಕು. ತಿರುಪು ಇಳಿದು ಹತ್ತಿಯನ್ನು ಒತ್ತಿ ಅಂಡಿಗೆ ಮಾಡುತ್ತಿತ್ತು. ಹತ್ತು ವರ್ಷ ಗಾಣದ ಎತ್ತಿನ ಹಾಗೆ ಸುತ್ತಿದರು. ಆ ಪ್ರೆಸ್ಸು ಮುಚ್ಚಿದ ಮೇಲೆ ಯುದ್ಧದ ಕಾಲದಲ್ಲಿ ಒಬ್ಬ ಕಂಟ್ರಾಕ್ಟರನ ಹತ್ತಿರ ಲಾರಿ ಕಲಿತರು. ಯುದ್ಧ ಮುಗಿದು ಮಿಲಿಟರಿಯವರು ಹಳೆ ಗಾಡಿಗಳನ್ನು ಹರಾಜು ಹಾಕಿದಾಗ, ಬಂಡಿ, ಎತ್ತು, ನನ್ನ ಕೊರಳಿನ ಗೆಜ್ಜೆಟಿಕ್ಕಿ ಎಲ್ಲ ಮಾರಿ ಒಂದು ಸಣ್ಣ ಲಾರಿ ತಂದರು. ಮುಂದೆ ಇಬ್ಬರು ಕೂಡುವ ಜಾಗ, ಹಿಂದೆ ಗಿಡ್ಡ ತೊಟ್ಟಿ.

ಸಿರುಗುಪ್ಪದ ಕಡೆ ಕಾಲುವೆ ತೋಡುತ್ತಿದ್ದರು. ಇನ್ನೂ ನೀರು ಬಂದಿರಲಿಲ್ಲ. ಕಾಲುವೆಯ ದಾರಿಯಲ್ಲಿ ಕಡಿದು ಹಾಕಿದ ಜಾಲಿ ರಾಶಿ ರಾಶಿ ಬಿದ್ದಿತ್ತು. ಕರೂರು, ಹಚ್ಚೊಳ್ಳಿ ಎಲ್ಲಿಂದಾದರೂ ಹೇರುತ್ತಿದ್ದೆವು. ಹೇರಲು ಅಲ್ಲಿ ಆಳು ಸಿಗುತ್ತಿದ್ದರು. ಇಳಿಸುವುದು ನಾವಿಬ್ಬರೇ. ಅವರು ಮೇಲೆ ನಿಂತು ಎಸೆಯುವುದು, ನಾನು ಕೆಳಗೆ ಎಳೆದು ಹಾಕುವುದು. ಮಕ್ಕಳಿಲ್ಲದ ಮನೆ, ಬೀಗ ಹಾಕಿ ಇಬ್ಬರೂ ಹೊರಡುತ್ತಿದ್ದೆವು. ಆ ಮುಂದಿನ ಸೀಟಿನಲ್ಲಿ ಕೂತು ನಾನು ನೋಡಿದಷ್ಟು ಊರು ನಮ್ಮ ಓಣಿಯ ಯಾವ ಹೆಂಗಸೂ ನೋಡಿಲ್ಲ.

ಕಟ್ಟಿಗೆಯ ಸಂದಿಯಲ್ಲಿ ಚೇಳು ಇರುತ್ತವೆ. ನನಗೆ ಎರಡು ಸಲ ಹೊಡೆಯಿತು. ಎರಡನೆಯ ಸಲ ಮೂರು ದಿನ ಕೈ ಎತ್ತಲಾಗಲಿಲ್ಲ. ಅವರೇ ರೊಟ್ಟಿ ತಟ್ಟಿದರು. ಅಂಚು ಸೀಳಿದ್ದವು, ನಡುವೆ ಹಸಿ. ನಾನು ತಿಂದೆ.

“ಇನ್ನ ಕಟ್ಟಿಗಿಯಾಗ ಕೈ ಹಾಕೋದು ಬ್ಯಾಡ,” ಎಂದರು. “ಡ್ಯಾಮಿನ ಕೆಲಸದಾಗ ನೋಡೀನಿ. ಲಾರಿ ತೊಟ್ಟೀನ ಮುಂದಿಂದ ಎತ್ತಿ ಮಣ್ಣು ಸುರೀತಾರ. ನಮ್ಮದಕ್ಕೂ ಹಂಗ ಮಾಡಸಾಣ.”

ಆವತ್ತಿನಿಂದ ಅವರಿಗೆ ಅದೇ ಧ್ಯಾನ. ತೊಟ್ಟಿಯನ್ನು ಹಿಂದುಗಡೆ ಕೀಲಿನ ಮೇಲೆ ಕೂಡಿಸಬೇಕು, ಅದರಲ್ಲಿ ತಕರಾರಿಲ್ಲ. ಮುಂದಿನ ಅಂಚನ್ನು ಎತ್ತುವುದು ಯಾವುದರಿಂದ ಎಂಬುದೇ ಮಾತು. ಮೊದಲು ಬಾವಿಯ ಹಾಗೆ ರಾಟೆ, ಹಗ್ಗ ಅಂದರು. ಹಗ್ಗ ಹರಿದರೆ ಏನು ಗತಿ ಅಂತ ಅವರೇ ಬಿಟ್ಟರು. ಆಮೇಲೆ ಗುಜರಿಯ ಬುಡನ್ ಸಾಬರ ಹತ್ತಿರ ಮಿಲಿಟರಿಯ ಎಣ್ಣೆ ಜಾಕಿ ಇದೆ ಅಂತ ಗೊತ್ತಾಯಿತು. ಕೋಲು ಹಿಡಿದು ಒತ್ತುತ್ತಿದ್ದರೆ ಒಳಗಿನ ಎಣ್ಣೆಯ ಜೋರಿಗೆ ಮೇಲೇಳುವಂಥದ್ದು.

ನೋಡಲು ಇಬ್ಬರೂ ಹೋದೆವು. ಬುಡನ್ ಸಾಬರು ಜಾಕಿಯ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಬಂಡೆಕಲ್ಲು ಹೇರಿ, ಎಡಗೈಯಲ್ಲೇ ಒತ್ತಿ ಎತ್ತಿ ತೋರಿಸಿದರು.

“ನೋಡಪ್ಪಾ, ಬೆಣ್ಣಿ ಇದ್ದಂಗ ಐತಿ. ನಾಳೆನೇ ಕೂಡಿಸಿ ಕೊಡ್ತೀನಿ.”

ನಮ್ಮವರ ಮುಖ ಅರಳಿತು. ಗಂಡಸರಿಬ್ಬರೂ ಚಹಾ ಕುಡಿಯಲು ಹೋದರು. ನಾನು ಒಂದು ಇದ್ದಿಲಿನ ಚೂರು ತೆಗೆದುಕೊಂಡು, ಹಲಗೆ ಎಲ್ಲಿದೆಯೋ ಅಲ್ಲಿಗೆ ಸರಿಯಾಗಿ ಹಿಂದಿನ ಗೋಡೆಗೆ ಗೆರೆ ಎಳೆದು ಕೂತೆ. ಅವರು ಚಹಾ ಕುಡಿದು, ಬೀಡಿ ಸೇದಿ ಬರುವಷ್ಟರಲ್ಲಿ ಹಲಗೆ ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು. ಯಾರೂ ಮುಟ್ಟಿರಲಿಲ್ಲ.

“ಇದು ಬ್ಯಾಡ್ರಿ,” ಎಂದೆ.

ಬುಡನ್ ಸಾಬರು ಗೆರೆ ನೋಡಿದರು. “ಒಂದು ವಾಷರ್ ಹಾಕಿದ್ರ ಆತು ತಾಯಿ. ಎಷ್ಟು ಲಾರಿಗೆ ಹಾಕಿಲ್ಲ ನಾನು.”

“ತೊಟ್ಟಿ ತಳಗ ಮನುಷ್ಯಾ ಇದ್ರ?”

ನಮ್ಮವರು ಮನೆಗೆ ಬಂದು, “ವಾಷರ್ ಹಾಕ್ತೀನಿ ಅಂದ್ರಲ್ಲ. ನಾಳೆನೇ ಆಗಿಬಿಡ್ತಿತ್ತು,” ಎಂದರು.

“ನಾಳೆ ಆಗೋದು ಬ್ಯಾಡ. ತಡ ಆಗಲಿ, ಕೈ ಬಿಟ್ರ ನಿಲ್ಲಂಥದ್ದು ತರ್ರಿ.”

ಇದು ನನ್ನ ಮಾತು. ನಾನೇ ಹೇಳಿದ್ದು.

ಎರಡು ದಿನ ಬಿಟ್ಟು ರೊಟ್ಟಿ ತಿನ್ನುತ್ತಾ ಕೂತವರು ಕೈ ತೊಳೆಯದೆ ಎದ್ದರು. “ಪ್ರೆಸ್ಸಿನ ತಿರುಪು,” ಎಂದರು. “ಮಧ್ಯಾಹ್ನ ನಾವು ನಾಕೂ ಮಂದಿ ಕೈ ಬಿಟ್ಟು ಬುತ್ತಿ ಬಿಚ್ಚತಿದ್ವಿ. ಬಂದು ನೋಡಿದ್ರ ಎಲ್ಲಿ ಬಿಟ್ಟಿದ್ವೋ ಅಲ್ಲೇ ಇರ್ತಿತ್ತು. ಒಂದು ಕೂದಲೆಳೀನೂ ಸರೀತಿದ್ದಿಲ್ಲ.”

ಮುಚ್ಚಿದ ಪ್ರೆಸ್ಸಿನ ಹಿತ್ತಲಿನಲ್ಲಿ ಅದು ಮಣ್ಣು ತಿನ್ನುತ್ತಾ ಬಿದ್ದಿತ್ತು. ಅದನ್ನು ಕೇಳಿ ತಂದರು. ಓಬಣ್ಣ ಅದಕ್ಕೆ ನಟ್ಟು ಮಾಡಿ, ಹಲ್ಲಿನ ಚಕ್ರ ಕೂಡಿಸಿ, ಪಕ್ಕದಲ್ಲಿ ನಿಂತು ತಿರುಗಿಸುವ ಹಾಗೆ ಮಾಡಲು ಇಪ್ಪತ್ತು ದಿನ ಹಿಡಿಯಿತು. ಆ ಇಪ್ಪತ್ತು ದಿನ ನಮ್ಮವರು ದಿನವೂ ಕುಲುಮೆಗೆ ಹೋಗಿ ಬಂದು ಒಂದೊಂದು ಹೊಸದು ಹೇಳುತ್ತಿದ್ದರು. ಕಟ್ಟಿಗೆಯನ್ನು ಬಂಡಿಗೆ ಹೇರಿದಂತೆ ಅಡ್ಡಡ್ಡ ಹೇರಬಾರದು, ಉದ್ದಕ್ಕೆ ಹೇರಬೇಕು, ಇಲ್ಲದಿದ್ದರೆ ಸೊಟ್ಟ ಜಾಲಿ ಒಂದಕ್ಕೊಂದು ಸಿಕ್ಕಿಕೊಂಡು ಜಾರುವುದಿಲ್ಲ ಅಂದರು. ಹಿಂದಿನ ಹಲಗೆಗೆ ಮೇಲಿನಿಂದ ಕೀಲು ಇರಬೇಕು, ಎತ್ತಿದಾಗ ತಾನೇ ತೆರೆಯಬೇಕು ಅಂದರು. ನಾನು ಹಿಟ್ಟು ನಾದುತ್ತಾ ಕೇಳುತ್ತಿದ್ದೆ. ಅರ್ಧ ಕೇಳಿದೆ, ಅರ್ಧ ಬಿಟ್ಟೆ. ಬಿಟ್ಟ ಅರ್ಧ ಈಗ ಎಲ್ಲಿಂದ ತರಲಿ.

ದಾರ ಹಿಡಿದು ಬಂದ ಮರುದಿನ, ಸೋಮವಾರ ಬೆಳಿಗ್ಗೆ, ಕುರುಗೋಡಿಗೆ ಹೋದೆವು. ಭಟ್ಟಿಯ ಮೂಕಪ್ಪ ಜಾಗ ತೋರಿಸಿದ. ಅವರು ತೊಟ್ಟಿ ಏರಿ ಎಸೆದರು, ನಾನು ಎಳೆದೆ. ಅರ್ಧ ಲೋಡು ಇಳಿದಿತ್ತು. ಒಂದು ದಪ್ಪ ಬೊಡ್ಡೆಯ ಕೆಳಗೆ ಎಡಗೈ ಹಾಕಿದವರು ಕೈ ಹಿಂದಕ್ಕೆ ಎಳೆದುಕೊಂಡರು. ಚೇಳು ಅಂದುಕೊಂಡೆ. ನಾಗರಹಾವು ಬೊಡ್ಡೆಯ ಮೇಲೆ ಹೆಡೆ ಬಿಚ್ಚಿತ್ತು. ಒಂದೂವರೆ ದಿನ ಬೇವಿನ ಮರದ ಕೆಳಗೆ ನಿಂತ ಲೋಡಿನೊಳಗೆ ಇಲಿಯ ಹಿಂದೆ ಬಂದು ಸೇರಿಕೊಂಡಿತ್ತೋ ಏನೋ.

ಮೂಕಪ್ಪ ಊರೊಳಗೆ ಮಂತ್ರ ಹಾಕುವವರಿದ್ದಾರೆ ಅಂದ. ನಮ್ಮವರು, “ಮಂತ್ರ ಆಮ್ಯಾಲ. ಬಳ್ಳಾರಿ ಆಸ್ಪತ್ರಿಗೆ ಹೋಗ್ತೀನಿ,” ಅಂದರು. ನನ್ನ ಸೀರೆಯ ಸೆರಗು ಹರಿದು ರಟ್ಟೆಗೆ ಬಿಗಿದೆ. ಬೇರೆ ಗಾಡಿ ಇರಲಿಲ್ಲ. ಲಾರಿ ಹೊಡೆಯುವವರು ಬೇರೆ ಯಾರೂ ಇರಲಿಲ್ಲ. ಅವರೇ ಹತ್ತಿ ಕೂತರು. ಗೇರು ಹಾಕುವುದು ಎಡಗೈಯಲ್ಲಿ. ಆ ಕೈ ಆಗಲೇ ಊದಿತ್ತು.

“ನಾ ಕ್ಲಚ್ಚು ತುಳೀತೀನಿ. ಹಾಕು ಅಂದಾಗ ನೀ ಕಡ್ಡಿ ಎಳಿ,” ಅಂದರು.

ಎಳೆದೆ. ಹಿಂದೆ ಅರ್ಧ ಲೋಡು ಹಾಗೇ ಇತ್ತು. ಏರಿನಲ್ಲಿ ಲಾರಿ ನರಳುತ್ತಿತ್ತು. ಎತ್ತುವ ತೊಟ್ಟಿ ಇದ್ದಿದ್ದರೆ ಅದನ್ನು ಅಲ್ಲೇ ಸುರಿದು ಬರುತ್ತಿದ್ದೆವು. ಎತ್ತುವ ತೊಟ್ಟಿ ಇದ್ದಿದ್ದರೆ ಆ ಬೊಡ್ಡೆಯ ಕೆಳಗೆ ಕೈಯೇ ಹೋಗುತ್ತಿರಲಿಲ್ಲ.

ಅರ್ಧ ದಾರಿಗೆ ಅವರ ಕಣ್ಣಿನ ರೆಪ್ಪೆ ಇಳಿಯತೊಡಗಿತು.

“ಹಂಪೀ,” ಎಂದು ನನ್ನ ಹೆಸರು ಹಿಡಿದು ಕರೆದರು. “ದಾರಿ ಎರಡೆರಡು ಕಾಣಾಕ ಹತ್ತೈತಿ. ನೀ ಹೇಳು.”

“ಎಡಕ್ಕ,” ಅಂದೆ. “ಇನ್ನೊಂಚೂರು ಎಡಕ್ಕ. ಈಗ ನೆಟ್ಟಗ. ಬಂಡಿ ಬರ್ತೈತಿ, ನಿಧಾನ.”

ಹಾಗೇ ಬಂದೆವು. ಮಾತು ತೊದಲುತ್ತಿತ್ತು. “ಗುಡ್ಡ ಕಾಣ್ತೈತೇನು?” ಅಂದರು. ಬಳ್ಳಾರಿಯ ಕೋಟೆ ಗುಡ್ಡ ಕಂಡರೆ ಊರು ಬಂತು ಅಂತ ಲೆಕ್ಕ. ಇನ್ನೂ ಕಂಡಿರಲಿಲ್ಲ.

“ಕಾಣ್ತೈತಿ,” ಅಂದೆ.

ಮತ್ತೊಂದು ಮೈಲಿ ಆದ ಮೇಲೆ ನಿಜವಾಗಿ ಕಂಡಿತು. ನಾನು ಅದನ್ನು ಹೇಳುವ ಮೊದಲು ಅವರು ಲಾರಿಯನ್ನು ರಸ್ತೆಯ ಮಗ್ಗುಲಿಗೆ ತಂದು ನಿಲ್ಲಿಸಿದರು. ಬ್ರೇಕು ಎಳೆಯಲು ಕೈ ಇಟ್ಟರು, ಎಳೆಯಲಾಗಲಿಲ್ಲ. ಅವರ ಕೈಯ ಮೇಲೆ ಕೈ ಇಟ್ಟು ಇಬ್ಬರೂ ಎಳೆದೆವು. ಆಮೇಲೆ ನನ್ನ ಹೆಗಲಿಗೆ ಒರಗಿದರು. ಬಸ್ಸು ಬಂದು ಜನ ಇಳಿಯುವಷ್ಟರಲ್ಲಿ ಉಸಿರು ನಿಂತಿತ್ತು. ಅಂಗಿಯ ಬೆನ್ನಿಗೆ ನಾನು ಹಾಕಿದ ಹೊಲಿಗೆ ಬಿಚ್ಚಿರಲಿಲ್ಲ.

ಮಣ್ಣು ಮಾಡಿ ಹದಿನೈದು ದಿನಕ್ಕೆ ಬುಡನ್ ಸಾಬರು ಬಂದರು. ಕಟ್ಟೆಯ ಮೇಲೆ ಕೂತರು. ಆಮೇಲೆ, “ಲಾರಿ ನಾನೇ ತಗೊಂತೀನಿ ತಾಯಿ. ಹೆಣ್ಣಾಳು ಏನು ಮಾಡ್ತೀ,” ಎಂದರು. ಕೆಟ್ಟ ಮನುಷ್ಯರಲ್ಲ. ಜಾಕಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ಬೈಯುತ್ತಿದ್ದೆ.

ಓಬಣ್ಣನೂ ಮಾರು ಅಂದ. “ತಿರುಪು ಗುಜರಿಗೆ ಹಾಕ್ತೀನಿ ತಂಗೆವ್ವ. ಅದನ್ನ ನೋಡಿದ್ರ ನನ್ನ ಕೈ ಏಳವಲ್ದು.”

“ಕೂಡಿಸು,” ಅಂದೆ.

“ಯಾರಿಗೆ?”

“ದಾರ ಐತಲ್ಲ ನಿನ್ನ ಹತ್ರ. ಆ ಎತ್ತರಕ್ಕ ಕೂಡಿಸು.”

ಕೂಡಿಸಿದ. ಹಚ್ಚೊಳ್ಳಿಯ ಮಾರೆಣ್ಣ ಡ್ರೈವರಾಗಿ ಬಂದ. ಮೊದಲನೆಯ ಲೋಡು ಕುರುಗೋಡಿಗೇ ಒಯ್ದೆವು, ನಾನೇ ಅಲ್ಲಿಗೆ ಅಂದೆ. ಹ್ಯಾಂಡಲ್ಲು ತಿರುಗಿಸಿದೆ. ತೊಟ್ಟಿ ಎದ್ದಿತು. ಕಟ್ಟಿಗೆ ಜಾರಲಿಲ್ಲ. ಆಳುಗಳು ರೂಢಿಯಂತೆ ಅಡ್ಡಡ್ಡ ಹೇರಿದ್ದರು, ನಾನು ನಿಂತು ನೋಡಿರಲಿಲ್ಲ. ಮಾರೆಣ್ಣ ಮೇಲೆ ಹತ್ತಲು ಹೋದ.

“ಕೈ ಹಾಕಬ್ಯಾಡ. ದೂರ ನಿಂತು ಗಳದಿಂದ ತಿವಿ.”

ತಿವಿದು ತಿವಿದು ಇಳಿಸಲು ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ತೊಟ್ಟಿ ಎತ್ತಿದ ಹಾಗೇ ನಿಂತಿತ್ತು. ಮೂಕಪ್ಪನ ಭಟ್ಟಿಯಿಂದ ಇದ್ದಿಲು ತಂದು ತಿರುಪಿನ ಮೇಲೆ ಗುರುತು ಹಾಕಿದ್ದೆ. ಹೋಗಿ ನೋಡಿದೆ. ಒಂದು ಕೂದಲೆಳೆಯೂ ಸರಿದಿರಲಿಲ್ಲ.

ನಾನು ಹೇಳಿದ್ದು ಸರಿಯಾಗಿತ್ತು. ಆ ಸರಿಯನ್ನು ಇಟ್ಟುಕೊಂಡು ಏನು ಮಾಡಲಿ. ಸೋರುವ ಜಾಕಿಯೇ ಬಂದಿದ್ದರೂ ಅವರು ಇರುತ್ತಿದ್ದರು. ತೊಟ್ಟಿಯ ಕೆಳಗೆ ಕಲ್ಲು ಕೊಟ್ಟುಕೊಂಡು, ನನ್ನನ್ನು ಬೈದುಕೊಂಡು, ಇರುತ್ತಿದ್ದರು.

ಅದಾದ ಮೇಲೆ ಎರಡು ವರ್ಷವಾಯಿತು. ಈಗ ಕಟ್ಟಿಗೆ ಉದ್ದಕ್ಕೇ ಹೇರಿಸುತ್ತೇನೆ. ಮಾರೆಣ್ಣ ಒಳ್ಳೆಯವನು, ಮಾತು ಕಡಿಮೆ. ನಾನು ಮುಂದಿನ ಸೀಟಿನಲ್ಲೇ ಕೂಡುತ್ತೇನೆ. ಕುರುಗೋಡಿನಿಂದ ಬರುವಾಗ ಗುಡ್ಡ ಕಂಡ ಕೂಡಲೇ ಗೊತ್ತಾಗುತ್ತದೆ, ಕಾಣದೆಯೇ ಕಾಣ್ತೈತಿ ಅಂದ ಆ ಜಾಗ ಆಗಲೇ ದಾಟಿದೆವು ಅಂತ. ಪ್ರತಿ ಸಲ ಅದಕ್ಕೆ ಮೊದಲೇ ನೋಡಬೇಕು ಅಂದುಕೊಂಡಿರುತ್ತೇನೆ.

ಬೆಳಿಗ್ಗೆ ಎದ್ದು ಮುಂಬಾಗಿಲಿಗೆ ನೀರು ಹಾಕಿ, ಬೇವಿನ ಮರದ ಕೆಳಗೆ ಹೋಗುತ್ತೇನೆ. ಕೋಲಿನಿಂದ ತೊಟ್ಟಿಯ ಹಲಗೆ ಬಡಿಯುತ್ತೇನೆ. ಹ್ಯಾಂಡಲ್ಲು ನನ್ನ ಮೊಳಕೈಯ ಎತ್ತರಕ್ಕೇ ಇದೆ. ಎಂಬತ್ತು ಸುತ್ತು ತಿರುಗಿಸಿದರೆ ತೊಟ್ಟಿ ಪೂರ್ತಿ ಏಳುತ್ತದೆ. ತೊಗಟೆಯ ಚೂರು ಉದುರುತ್ತವೆ, ಅವನ್ನು ಒಲೆಗೆ ಎತ್ತಿಡುತ್ತೇನೆ. ಬಟ್ಟೆಯನ್ನು ಔಡಲ ಎಣ್ಣೆಯಲ್ಲಿ ಅದ್ದಿ ತಿರುಪಿನ ಗೆರೆಗೆ ಮೇಲಿನಿಂದ ಕೆಳಗಿನ ತನಕ ಸವರುತ್ತೇನೆ. ಕೈ ಬಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಿಂತಿರುತ್ತದೆ. ಆಮೇಲೆ ಎಂಬತ್ತು ಸುತ್ತು ತಿರುಗಿಸಿ ಇಳಿಸುತ್ತೇನೆ.