ಅಡ್ಡಿಲ್ಲೆ ಎಂದು ಕೆಟ್ಟೆ, ಬೊಬ್ಬರ್ಯ ಬಾಯಿ ಬಿಡಿಸಿದ

ಕಳೆದ ಸೋಣೆ ತಿಂಗಳಿನಲ್ಲಿ, ಮಳೆಗಾಲದ ಕೊನೆಗೆ, ನನ್ನ ಗಂಡ ದೋಣಿಯಿಂದ ಇಳಿಯುವಾಗ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬ್ರಹ್ಮಾವರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಒಂದು ವರ್ಷ ಕಡಲಿಗಿಳಿಯುವ ಮಾತೇ ಇಲ್ಲ, ಆಮೇಲೂ ನೋಡಿ ಹೇಳಬೇಕು ಎಂದರು ಡಾಕ್ಟರು. ಮನೆಗೆ ಉಳಿದ ಆಧಾರ ಒಂದೇ, ನನ್ನ ಮೊಬೈಲಿನೊಳಗಿನ ಅಂಗಡಿ.

ಅಂಗಡಿ ಎಂದರೆ ದೊಡ್ಡದೇನಲ್ಲ. ಬೀಜಾಡಿಯ ನಮ್ಮ ಮನೆಯಲ್ಲಿ ನಾನೂ ನಾದಿನಿ ಸುಮಾಳೂ ಸೇರಿ ಒಣ ಸಿಗಡಿ ಹುರಿದು ಚಟ್ನಿಪುಡಿ ಮಾಡುತ್ತೇವೆ. ಆನ್‌ಲೈನಿನಲ್ಲಿ ಫೋಟೊ ಹಾಕುತ್ತೇವೆ. ಮುಂಬೈ, ಪುಣೆ ಕಡೆಯಿಂದ ಆರ್ಡರ್ ಬರುತ್ತದೆ, ಪಾರ್ಸೆಲ್ ಅಂಚೆಯಲ್ಲಿ ಹೋಗುತ್ತದೆ. ಗಿರಾಕಿ ಕೊಟ್ಟ ಹಣ ಮೊದಲು ಅಂಗಡಿಯ ಪುಟವನ್ನೂ ನಡೆಸುವ ಪೇಮೆಂಟ್ ಕಂಪನಿಗೆ ಹೋಗಿ, ಅಲ್ಲಿಂದ ನನ್ನ ಖಾತೆಗೆ ಬರುತ್ತದೆ.

ಇವರು ಆಸ್ಪತ್ರೆಯಲ್ಲಿದ್ದಾಗಲೇ, ಮನೆಯ ಸಮಾರಂಭಕ್ಕೆಂದು ದೊಡ್ಡ ಆರ್ಡರ್ ಕೊಟ್ಟಿದ್ದ ಪುಣೆಯ ಗಿರಾಕಿಯೊಬ್ಬರು ಸಾಮಾನು ಬಂದೇ ಇಲ್ಲ, ಹಣ ವಾಪಸ್ ಬೇಕು ಎಂದು ತಮ್ಮ ಬ್ಯಾಂಕಿಗೆ ದೂರು ಕೊಟ್ಟರು. ತಲುಪಿಸಿದ್ದಕ್ಕೆ ಪುರಾವೆ ಕೊಡಿ ಎಂದು ಪೇಮೆಂಟ್ ಕಂಪನಿ ನನಗೆ ಮೇಲ್ ಕಳಿಸಿತ್ತು. ನಾನು ಆ ದಿನಗಳಲ್ಲಿ ಮೇಲ್ ನೋಡುವವಳೇ? ಬೆಳಿಗ್ಗೆ ಕೋಟೇಶ್ವರದಲ್ಲಿ ಬಸ್ಸು ಹತ್ತುವುದು, ಇವರಿಗೆ ಗಂಜಿ ಕುಡಿಸುವುದು, ಸಂಜೆ ಮತ್ತೆ ಬಸ್ಸು ಹತ್ತುವುದು. ಅಳು ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಒಳಗೆಲ್ಲ ಮರಗಟ್ಟಿ ಹೋಗಿತ್ತು.

ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವವರೇ. “ಹ್ವಾಯ್, ನಿಮ್ಮನಿಯವ್ರ್ ಹ್ಯಾಂಗಿದ್ರ್?” ನಾನು “ಅಡ್ಡಿಲ್ಲೆ” ಎನ್ನುತ್ತಿದ್ದೆ. ಇದನ್ನು ಓದುವ ಘಟ್ಟದ ಮೇಲಿನ ಭಕ್ತರಿಗೆ ಒಂದು ಮಾತು ಹೇಳಬೇಕು. ನಮ್ಮ ಕುಂದಾಪುರದ ಕಡೆ ಅಡ್ಡಿಲ್ಲೆ ಎಂಬುದಕ್ಕೆ ಇಂಥದ್ದೇ ಅರ್ಥ ಎಂದಿಲ್ಲ. ಚೆನ್ನಾಗಿದೆ, ಪರವಾಗಿಲ್ಲ, ಆಗಬಹುದು, ನನ್ನನ್ನು ನನ್ನ ಪಾಡಿಗೆ ಬಿಡಿ, ಎಲ್ಲವೂ ಅಡ್ಡಿಲ್ಲೆಯೇ. ಸಾರಿಗೆ ಉಪ್ಪು ಕಡಿಮೆಯಾದರೂ ಅಡ್ಡಿಲ್ಲೆ, ಮಾಡು ಸೋರಿದರೂ ಅಡ್ಡಿಲ್ಲೆ.

ಒಂದು ಸಂಜೆ ಬಸ್ಸಿನಲ್ಲಿ ನಿಂತು ಬರುತ್ತಿದ್ದಾಗ ಫೋನ್ ಬಂತು. ಪೇಮೆಂಟ್ ಕಂಪನಿಯವರು. ಬೆಂಗಳೂರು ಕಡೆಯ ಕನ್ನಡ. ಕಂಡಕ್ಟರನ ಸೀಟಿ, ಡ್ರೈವರನ ಹಾರ್ನು, ಅದರ ನಡುವೆ ಆತ ಏನೇನೋ ಕೇಳಿದರು, ನಾನು ಏನೋ ಹೇಳಿದೆ. ಮನೆ ಮುಟ್ಟುವಷ್ಟರಲ್ಲಿ ಫೋನ್ ಬಂದದ್ದೇ ಮರೆತಿತ್ತು.

ಎರಡು ದಿನ ಕಳೆದು ಸುಮಾ ಮೊಬೈಲ್ ಹಿಡಿದು ಓಡಿ ಬಂದಳು. “ಅತ್ಗಿ, ನಮ್ ಅಂಗ್ಡಿ ಕಾಂತೇ ಇಲ್ಲೆ!” ನಿಜ. ಅಂಗಡಿಯ ಪುಟವೇ ಮಾಯವಾಗಿತ್ತು. ಮೇಲ್‌ನಲ್ಲಿ ಹೀಗಿತ್ತು: ಹಣ ಮರಳಿಸಲು ಮಾರಾಟಗಾರರು ಒಪ್ಪಿದ್ದಾರೆ, ಸಾಮಾನು ಕಳಿಸದೆ ಹಣ ಪಡೆದಿದ್ದರಿಂದ ಅಂಗಡಿ ಬಂದ್. ನಾನು ಯಾವಾಗ ಒಪ್ಪಿದೆ? ಸಹಾಯವಾಣಿಗೆ ಫೋನ್ ಮಾಡಿದರೆ, “ನೀವೇ ಬಾಯಾರೆ ಒಪ್ಪಿದ್ದೀರಿ ಮೇಡಂ, ರೆಕಾರ್ಡ್ ಇದೆ” ಎಂದರು. ಜಗಳವಾಡಲು ನನ್ನಲ್ಲಿ ತ್ರಾಣವಿರಲಿಲ್ಲ. ಆಯಿತು ಎಂದು ಫೋನ್ ಇಟ್ಟೆ. ಸುಮಾ ಅತ್ತಳು, ನಾನು ಅಕ್ಕಿ ತೊಳೆದೆ. ಕಳ್ಳಿ ಅಂದರೂ ನೋವಾಗದಿದ್ದರೆ ಹೆಂಗಸೊಬ್ಬಳು ಎಲ್ಲಿಗೆ ಮುಟ್ಟಿರಬೇಕು, ನೀವೇ ಯೋಚಿಸಿ.

ಸಂಕ್ರಮಣದ ದಿನ ಸುಮಾಳ ಒತ್ತಾಯಕ್ಕೆ ಕಡಲಿಗಿಳಿಯುವವರನ್ನು ಕಾಯುವ ದೈವ ಬೊಬ್ಬರ್ಯನ ಕಡಲ ಬದಿಯ ಗುಡಿಗೆ ಹೋದೆ. ಹಣ್ಣುಕಾಯಿ ಒಯ್ದಿದ್ದೆ, ಭಕ್ತಿ ಒಯ್ದಿರಲಿಲ್ಲ. ಸುಳ್ಳು ಯಾಕೆ ಹೇಳಲಿ? ಅಲ್ಲಿ ಪೂಜೆ ಮಾಡುವ ಸೂರ ಮಾಮ ನಮಗೆ ದೂರದ ಸಂಬಂಧಿ, ಮುಂಗೋಪಿ. ಕಾಯಿ ಕೈಗೆ ತೆಗೆದುಕೊಂಡು ಕೇಳಿದರು, “ಎಂತ ಹೆಣೆ, ದೈವದ್ ಹತ್ರ ಎಂತ ಕೇಣ್ಕ್, ಹೇಳ್.”

“ಅಡ್ಡಿಲ್ಲೆ ಮಾಮ.”

ಮಾಮ ಕಾಯಿ ಒಡೆಯಲಿಲ್ಲ. ಕೆಳಗಿಟ್ಟರು. “ನಾನ್ ಕೇಂಡದ್ ಎಂತ, ನೀ ಹೇಳೂದ್ ಎಂತ ಮರಾಯ್ತಿ? ಅಡ್ಡಿಲ್ಲೆ ಅಂದ್ರೆ ದೈವ ಎಂತ ತಿಳ್ಕಣ್ಕ್? ಇವ್ಳಿಗ್ ಎಂತದೂ ಬ್ಯಾಡ, ಎಲ್ಲ ಒಪ್ಪಿಗಿ ಇತ್ತ್ ಅಂತ ತಿಳ್ಕಂತ್, ಕಾಣ್!”

ಒಪ್ಪಿಗೆ. ಆ ಮಾತು ಕಿವಿಗೆ ಬಿದ್ದದ್ದೇ ನನಗೆ ಬಸ್ಸು ನೆನಪಾಯಿತು, ಫೋನ್ ನೆನಪಾಯಿತು. ‘ಹಣ ವಾಪಸ್ ಕೊಡೋದಕ್ಕೆ ನಿಮ್ಮದೇನಾದ್ರೂ ಅಡ್ಡಿ ಇದೆಯಾ?’ ಎಂದು ಆ ಮನುಷ್ಯ ಕೇಳಿರಬೇಕು. ಊರಿಗೆಲ್ಲ ಹೇಳುತ್ತಾ ಬಂದದ್ದನ್ನೇ ನಾನು ಅವನಿಗೂ ಹೇಳಿದ್ದೆ.

ಸೂರ ಮಾಮ ಬಿಡಲಿಲ್ಲ. “ಬಾಯ್ ಬಿಟ್ ಹೇಳ್. ನಾನ್ ಕಾಯ್ ಒಡೂದ್ ಆಮೇಲೆ.” ನಾನು ಹೇಳಿದೆ. “ನನ್ ಅಂಗ್ಡಿ ಉಳೀಕ್. ಇವ್ರ್ ನಡೀಕ್.” ಅಂಗಡಿ ಉಳಿಯಬೇಕು, ಇವರು ನಡೆಯಬೇಕು, ಎರಡೇ ಮಾತು. ಕಾಯಿ ಒಡೆಯಿತು.

ಗುಡಿಯ ಕಟ್ಟೆಯ ಮೇಲೆ ಕೂತೇ ಸಹಾಯವಾಣಿಗೆ ಫೋನ್ ಮಾಡಿದೆ. ಈ ಸಲ ಒಬ್ಬ ಹುಡುಗಿ. “ನಾನು ಒಪ್ಪಿಲ್ಲ. ಆ ರೆಕಾರ್ಡನ್ನು ಮೊದಲಿನಿಂದ ಕೇಳಿ, ಅದೇ ಮಾತನ್ನು ಎಷ್ಟು ಸಲ ಹೇಳಿದ್ದೇನೆ ನೋಡಿ” ಎಂದೆ. ಆಕೆ ಕಾಯಲು ಹೇಳಿ ಹೋದಳು. ತಿರುಗಿ ಬಂದಾಗ ನಗು ತಡೆಯುತ್ತಿದ್ದಳು. “ಮೇಡಂ, ನಿಮ್ಮ ಹೆಸರು ಕೇಳಿದ್ರೂ ಅಡ್ಡಿಲ್ಲೆ ಅಂದಿದ್ದೀರ. ಊರು ಯಾವುದು ಅಂದ್ರೂ ಅಡ್ಡಿಲ್ಲೆ.” ಆಮೇಲೆ ನಗು ನಿಂತಿತು. ಮೆಲ್ಲಗೆ ಕೇಳಿದಳು, “ಆ ದಿನ ನಿಮ್ಮ ಮನೇಲಿ ಯಾರಿಗಾದ್ರೂ ಹುಷಾರಿರಲಿಲ್ವಾ?”

ನಾನು ಎಲ್ಲ ಹೇಳಿದೆ. ಮೊದಲ ಸಲ, ಗುರುತೇ ಇಲ್ಲದ ಒಬ್ಬಳಿಗೆ. ಆಕೆ ಮೇಲಿನವರಿಗೂ ಆ ರೆಕಾರ್ಡನ್ನು ಕೇಳಿಸಿ ದೂರನ್ನು ಮತ್ತೆ ತೆರೆಸಿದಳು. ಪಾರ್ಸೆಲ್ ತೆಗೆದುಕೊಳ್ಳುವಾಗ ಆ ಗಿರಾಕಿ ಹಾಕಿದ್ದ ಸಹಿಯ ಪ್ರತಿಯನ್ನು ಸುಮಾ ಅಂಚೆ ಕಚೇರಿಯಿಂದ ತಂದಳು, ಕಳಿಸಿದೆವು. ಸಾಮಾನು ಪಡೆದೂ ಗಿರಾಕಿ ಯಾಕೆ ಹಾಗೆ ದೂರು ಕೊಟ್ಟರೋ ಇವತ್ತಿಗೂ ಗೊತ್ತಿಲ್ಲ. ಎರಡು ವಾರಕ್ಕೆ ತೀರ್ಮಾನ ನನ್ನ ಕಡೆಗಾಯಿತು, ಅಂಗಡಿ ಮತ್ತೆ ತೆರೆಯಿತು. ಸುಮಾ ಕುಣಿದಳು. ನನಗೆ ಆಗಲೂ ಏನೂ ಅನ್ನಿಸಲಿಲ್ಲ. ಹುರಿಯಲು ಸಿಗಡಿ ತೆಗೆದಿಟ್ಟೆ.

ಇದರಲ್ಲಿ ದೈವ ಎಲ್ಲಿ ಬಂತು, ಬೈದದ್ದು ಸೂರ ಮಾಮ ಅಲ್ಲವೇ ಎನ್ನುವವರು ಅನ್ನಲಿ. ಅದೇ ದಿನ, ಅದೇ ಮಾತಿಗೆ, ಒಡೆಯಬೇಕಾದ ಕಾಯಿಯನ್ನು ಕೆಳಗಿಡಿಸಿದವರು ಯಾರು? ನನಗೆ ಗೊತ್ತಿದೆ.

ಹೋದ ಸಂಕ್ರಮಣಕ್ಕೆ ಗುಡಿಗೆ ಇಬ್ಬರೂ ಹೋದೆವು. ಇವರು ಕೋಲು ಊರಿಕೊಂಡು, ಕಾಲು ಹೂತುಹೋಗುವ ಹೊಯಿಗೆಯ ಮೇಲೆ, ನನ್ನ ಕೈ ಹಿಡಿಯದೆ ನಡೆದರು. ಸೂರ ಮಾಮ ಕಾಯಿ ತೆಗೆದುಕೊಳ್ಳುತ್ತಾ ಕೇಳಿದರು, “ಕಾಲ್ ಹ್ಯಾಂಗಿತ್ತ್?”

ಇವರು ಒಮ್ಮೆ ಕಾಲು ನೋಡಿಕೊಂಡರು, ಒಮ್ಮೆ ಕಡಲು ನೋಡಿದರು.

“ಅಡ್ಡಿಲ್ಲೆ ಮಾಮ.”

ಅಷ್ಟು ತಿಂಗಳು ಬಾರದ ಅಳು ಆಗ ಬಂತು. ಬೊಬ್ಬರ್ಯನ ಎದುರು ನಿಂತು ನಾನು ಜೋರಾಗಿ ಅತ್ತೆ.