ಅರಗಿನಕ್ಕನ ಬಾಟಲಿಗಳು

ಪಾನನಿರೋಧದ ಕಚೇರಿಯಲ್ಲಿ ಅವಳನ್ನು ಎಲ್ಲರೂ ಅರಗಿನಕ್ಕ ಎಂದೇ ಕರೆಯುತ್ತಿದ್ದರು. ದಾಳಿಯಲ್ಲಿ ಹಿಡಿದ ಸಾರಾಯಿಯನ್ನು ಬಾಟಲಿಗೆ ತುಂಬಿಸಿ, ಬಿರಡೆ ಹಾಕಿ, ಬಟ್ಟೆ ಸುತ್ತಿ, ದಾರ ಬಿಗಿದು, ಗಂಟಿನ ಮೇಲೆ ಕೆಂಪು ಅರಗು ಕರಗಿಸಿ ಮುದ್ರೆ ಒತ್ತುವ ಕೆಲಸ ಅವಳದು. ಬಲಗೈಯ ಹೆಬ್ಬೆರಳ ಮೇಲೆ ಅರಗು ಬಿದ್ದು ಸುಟ್ಟ ಕಲೆಗಳಿದ್ದವು. ಯಾರಾದರೂ ಅಯ್ಯೋ ಅಂದರೆ, "ಸರ್ಕಾರ ನನಗೆ ಕೊಟ್ಟ ಬಳುವಳಿ, ಬಿಡಿ" ಅನ್ನುತ್ತಿದ್ದಳು.

ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಅವಳ ಗಂಡ ಗಾರೆ ಕೆಲಸದವನು. ಒಂದು ಸಂಜೆ ಎಲ್ಲೋ ಕುಡಿದು ಬಂದವನು ಕಣ್ಣು ಕಾಣುತ್ತಿಲ್ಲ ಎಂದ. ಮೂರು ದಿನ ಹಾಗೇ ಮಲಗಿದ್ದು ನಾಲ್ಕನೆಯ ದಿನ ಹೋದ. ಆ ಸರಕು ಸಕ್ಕರೆ ಸಾಹುಕಾರನ ಗೋದಾಮಿನದು ಎಂದು ಊರಿಗೆಲ್ಲ ಗೊತ್ತಿತ್ತು, ಸಾಕ್ಷಿ ಹೇಳುವವರು ಮಾತ್ರ ಇರಲಿಲ್ಲ. ಸಾಹುಕಾರ ಮುಂಬಾಗಿಲಲ್ಲಿ ಸಕ್ಕರೆ ಮಾರುತ್ತಿದ್ದ, ಹಿಂಬಾಗಿಲಲ್ಲಿ ಸಾರಾಯಿ. ಪಾನನಿರೋಧದ ಕಾಯಿದೆ ಬಂದಮೇಲೆ ಅವನ ಮುಂಬಾಗಿಲ ವ್ಯಾಪಾರ ಕುಗ್ಗಿತು, ಹಿಂಬಾಗಿಲದ್ದು ಹಿಗ್ಗಿತು. ಆಗಿನ ಹಳೇ ಸಾಹೇಬರು ಅವಳನ್ನು ಕರೆದು, "ಅಳೋದು ಸಾಕು, ನಮ್ಮಲ್ಲಿ ಬಾಟಲಿ ತೊಳಿ" ಎಂದರು. ಅವಳು ತೊಳೆದಳು.

ಬಾಟಲಿ ತೊಳೆಯುವುದೆಂದರೆ ಮನೆಯ ಪಾತ್ರೆ ತೊಳೆದಂತಲ್ಲ. ಅವಳು ಸೇರಿದ ಹೊಸತರಲ್ಲಿ ಒಂದು ಕೇಸು ಕೋರ್ಟಿಗೆ ಹೋಗಿತ್ತು. ಆರೋಪಿಯ ವಕೀಲರು ಮುದ್ರೆ ಒತ್ತಿದ ಬಾಟಲಿಯನ್ನು ಎತ್ತಿ ಹಿಡಿದು, "ಸ್ವಾಮಿ, ಇದನ್ನ ಒಣಗಿಸದೆ ತುಂಬಿಸಿದ್ದಾರೆ. ಇದರಲ್ಲಿ ನಲ್ಲಿ ನೀರೆಷ್ಟು, ನನ್ನ ಕಕ್ಷಿದಾರನ ಸಾರಾಯಿ ಎಷ್ಟು?" ಎಂದರು. ಕೋರ್ಟು ನಕ್ಕಿತು, ಕೇಸು ಬಿದ್ದಿತು. ಆ ವಾರವೇ ಹಳೇ ಸಾಹೇಬರು ಬಡಗಿಯನ್ನು ಕರೆಸಿ, ಕಚೇರಿಯ ಮುಂದಿನ ಕಾಂಪೌಂಡ್ ಗೋಡೆಯ ನೆತ್ತಿಯ ಮೇಲೆ ಉದ್ದಕ್ಕೆ ಒಂದು ಹಲಗೆ ಹಾಕಿಸಿ, ಅದಕ್ಕೆ ಹನ್ನೆರಡು ಮರದ ಗೂಟ ಬಡಿಸಿದರು. ಆವರಣದಲ್ಲಿ ಮಧ್ಯಾಹ್ನದವರೆಗೂ ಬಿಸಿಲು ನಿಲ್ಲುತ್ತಿದ್ದುದು ಅಲ್ಲಿ ಮಾತ್ರ. ಸೋಡಾ ಪುಡಿ ಹಾಕಿದ ಬಿಸಿನೀರಲ್ಲಿ ಉಜ್ಜಿ, ಮೂರು ಸಲ ಜಾಲಿಸಿ, ಬಾಯಿ ಕೆಳಗೆ ಮಾಡಿ ಗೂಟಕ್ಕೆ ಸಿಕ್ಕಿಸಬೇಕು. ಇಟ್ಟ ಬಾಟಲಿಗೆ ಧೂಳು ಕೂರುತ್ತದೆ, ಆದ್ದರಿಂದ ದಾಳಿಯ ದಿನವೇ ತೊಳೆಯಬೇಕು. ಒಂದು ಜಾಗಕ್ಕೆ ಮೂರು ಬಾಟಲಿ: ಒಂದು ಕೋರ್ಟಿಗೆ, ಒಂದು ಪರೀಕ್ಷೆಗೆ, ಒಂದು ಕಚೇರಿಗೆ. ಅಂದಿನಿಂದ ಒದ್ದೆ ಬಾಟಲಿಯಿಂದ ಒಂದು ಕೇಸೂ ಬೀಳಲಿಲ್ಲ. ಅದು ಅವಳ ಹೆಮ್ಮೆ.

ಹಳೇ ಸಾಹೇಬರ ಕಾಲದಲ್ಲಿ ದಿನಾ ಒಂದಲ್ಲ ಒಂದು ಕಡೆ ದಾಳಿ. ಸಣ್ಣ ಮೀನು, ದೊಡ್ಡ ಮೀನು, ಸಿಕ್ಕಿದ್ದು ಬುಟ್ಟಿಗೆ. ಅವರು ನಿವೃತ್ತರಾದ ಮೇಲೆ ಬಂದ ಹೊಸ ಸಾಹೇಬರಿಗೆ ಸಣ್ಣ ಮೀನು ಬೇಡ. ಅವರು ದಿನಗಟ್ಟಲೆ ಮಾಹಿತಿ ಕಲೆಹಾಕಿ ವಾರಕ್ಕೊಂದೇ ದಾಳಿ ಮಾಡುತ್ತಿದ್ದರು. ಎಲ್ಲಿಗೆ ಎಂಬುದನ್ನು ಜೀಪು ಹೊರಟ ಮೇಲೇ ಹೇಳುತ್ತಿದ್ದರು. ಅಷ್ಟು ಗುಟ್ಟು.

ಅಷ್ಟು ಗುಟ್ಟಿದ್ದರೂ ಏಳು ದಾಳಿ ಬರಿಗೈ. ಹೋದಲ್ಲೆಲ್ಲ ನೆಲ ಆಗತಾನೇ ತೊಳೆದಿರುತ್ತಿತ್ತು, ಕಿಟಕಿಗಳು ತೆರೆದಿರುತ್ತಿದ್ದವು. ಏಳನೆಯ ಸಲವಂತೂ ಒಬ್ಬ ಮುದುಕಿ ಬಾಗಿಲಲ್ಲೇ ನಿಂತು, "ಬನ್ನಿ ಸ್ವಾಮಿ, ಯಾಕಿಷ್ಟು ತಡ? ಟೀ ಆರಿಹೋಗ್ತಿದೆ" ಎಂದಳು. ಒಳಗೆ ಮೇಜಿನ ಮೇಲೆ ಐದು ಲೋಟ. ಜೀಪಿನಲ್ಲಿದ್ದವರೂ ಐವರೇ.

ಆ ಭಾನುವಾರ ಸಾಹೇಬರು ಇಡೀ ತಂಡವನ್ನು ಮ್ಯಾಟಿನಿ ಸಿನಿಮಾಕ್ಕೆ ಕರೆದುಕೊಂಡು ಹೋದರು. ಅರಗಿನಕ್ಕನೂ ಹೋದಳು. ಪರದೇಶದ ಹಳೆಯ ಚಿತ್ರ. ಅಲ್ಲೂ ಮದ್ಯ ನಿಷೇಧವಂತೆ, ಅಲ್ಲೂ ಒಬ್ಬ ಸಾಹುಕಾರನಂತೆ. ಹ್ಯಾಟು ಹಾಕಿದ ಪೊಲೀಸರು ಹೋದಲ್ಲೆಲ್ಲ ಖಾಲಿ ಪೀಪಾಯಿ. ಕೊನೆಗೆ ತಿಳಿಯುತ್ತದೆ, ಸುದ್ದಿ ಕೊಡುತ್ತಿದ್ದವನು ಅವರ ತಂಡದವನೇ. ಅವನ ಕಾಲಲ್ಲಿದ್ದ ಹೊಸ ಬೂಟು ಅವನನ್ನು ಹಿಡಿದುಕೊಡುತ್ತದೆ. ದೀಪ ಹತ್ತಿದಾಗ ಸಾಹೇಬರು ಕುರ್ಚಿಯಿಂದ ತಿರುಗಿ, "ನೋಡಿದ್ರಲ್ಲ?" ಎಂದರು. ಅಷ್ಟೇ ಮಾತು. ಮರುದಿನದಿಂದ ಕಚೇರಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರೂ ಎಲ್ಲರ ಕಾಲು ನೋಡುತ್ತಿದ್ದರು.

"ನನ್ನ ಚಪ್ಪಲಿಗೆ ಮೂರು ಸಲ ಉಂಗುಷ್ಟ ಹಾಕ್ಸಿದೀನಿ, ಬೇಕಾದ್ರೆ ಎಣಿಸ್ಕೊಳ್ಳಿ" ಎಂದು, ಎಲ್ಲರೂ ಮೀಸೆ ಎಂದೇ ಕರೆಯುವ ದಫೇದಾರ ಕಾಲೆತ್ತಿ ಮೇಜಿನ ಮೇಲಿಟ್ಟ. ಯಾರೂ ನಗಲಿಲ್ಲ.

ಸೋಮವಾರ ಮಧ್ಯಾಹ್ನ ಸಾಹೇಬರು ಅರಗಿನಕ್ಕನನ್ನು ಒಳಗೆ ಕರೆದರು.

"ಕದ ತೆಗೆದು ಕೊಡೋನು ಯಾವಾಗ್ಲೂ ಮನೆಯೊಳಗೇ ಇರ್ತಾನೆ. ನೀನು ಬೆಳಿಗ್ಗೆಯಿಂದ ಸಂಜೆವರೆಗೂ ಇಲ್ಲೇ ಇರ್ತೀಯ, ಎಲ್ಲರನ್ನೂ ನೋಡ್ತೀಯ. ಶನಿವಾರದೊಳಗೆ ನನಗೊಂದು ಹೆಸರು ಬೇಕು."

"ಹೆಸರು ಗೊತ್ತಾಗದಿದ್ರೆ ಸಾರ್?"

"ಮೇಲಿನವರು ಇಡೀ ತಂಡ ಎತ್ತಂಗಡಿ ಮಾಡ್ತಾರೆ. ನೀನು ಕಾಯಂ ಅಲ್ಲ. ನಿನ್ನನ್ನ ಎತ್ತಂಗಡಿ ಮಾಡಲ್ಲ, ಮನೆಗೆ ಕಳಿಸ್ತಾರೆ."

ಅವಳು ತಲೆಯಾಡಿಸಿ ಬಂದಳು. ಸಾಹೇಬರು ಹೇಳದೆ ಬಿಟ್ಟದ್ದು ಏನು ಎಂಬುದು ಅವಳಿಗೆ ಗೊತ್ತಿತ್ತು. ಜೀಪಿನ ಡ್ರೈವರು ಅವಳ ಒಡಹುಟ್ಟಿದ ತಮ್ಮ. ಮೊದಲು ಎರಡು ವರ್ಷ ಅವನು ಸಕ್ಕರೆ ಸಾಹುಕಾರನ ಲಾರಿ ಓಡಿಸಿದ್ದ. ಭಾವ ಸತ್ತ ದಿನ ಕೀಲಿ ಎಸೆದು ಬಂದಿದ್ದ. ಅವನನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ಹಳೇ ಸಾಹೇಬರ ಕಾಲು ಹಿಡಿದವಳು ಅವಳೇ.

ಅನುಮಾನ ಹುಳಿಯಿದ್ದ ಹಾಗೆ, ಒಂದು ಹನಿ ಬಿದ್ದರೆ ಹಾಲಷ್ಟೂ ಒಡೆಯುತ್ತದೆ. ಕಚೇರಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆ ತಮ್ಮನದು, ಒಳಗಿನದು ಅವಳದು. ಹದಿನೈದು ದಿನದಿಂದ ಅವನು ಒಂದು ಗಂಟೆ ಮೊದಲೇ ಏಳುತ್ತಿದ್ದ. ಕೇಳಿದರೆ "ಜೀಪು ತೊಳೀಬೇಕು" ಅನ್ನುತ್ತಿದ್ದ. ಕಚೇರಿಗೆ ಹೋಗಿ ನೋಡಿದರೆ ಜೀಪಿನ ಮೇಲೆ ಹಿಂದಿನ ದಿನದ ಕೆಸರು ಹಾಗೇ ಇರುತ್ತಿತ್ತು. ಊಟಕ್ಕೆ ಕೂತಾಗ ಅವನು ತನ್ನನ್ನು ಒಂದು ಥರ ನೋಡುತ್ತಾನೆ ಎಂದೂ ಅವಳಿಗೆ ಅನ್ನಿಸತೊಡಗಿತು.

ಬುಧವಾರ ಕಸ ಗುಡಿಸುವಾಗ ಪೊರಕೆ ಅವನ ಮಂಚದಡಿ ಏನಕ್ಕೋ ತಾಗಿತು. ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಂಟು. ಬಿಚ್ಚಿದಳು. ಕಪ್ಪು ಬೂಟು, ದಪ್ಪ ಅಟ್ಟೆ, ಒಂದು ಗೀರೂ ಇಲ್ಲದ ಹೊಸ ಜೊತೆ.

ಅವಳು ಪೊರಕೆ ಹಿಡಿದೇ ನೆಲದ ಮೇಲೆ ಕೂತಳು. ಆಮೇಲೆ ಬೂಟನ್ನು ಮೊದಲಿದ್ದಂತೆ ಸುತ್ತಿ, ಮೊದಲಿದ್ದಲ್ಲೇ ಇಟ್ಟಳು.

ಗುರುವಾರ ಬೆಳಿಗ್ಗೆ ಅವನು ಹೊರಟ ಮೇಲೆ ಅವಳೂ ಸೆರಗು ಹೊದ್ದು ಹಿಂದೆಯೇ ಹೊರಟಳು. ಅವನು ಕಚೇರಿಯ ಕಡೆ ತಿರುಗಲಿಲ್ಲ. ಎರಡು ಬೀದಿ ದಾಟಿ, ಸಕ್ಕರೆ ಸಾಹುಕಾರನ ಗೋದಾಮಿನ ಪಕ್ಕದ ಸಂದಿಗೆ ಇಳಿದ. ಕಂಕುಳಲ್ಲಿ ಪತ್ರಿಕೆಯ ಗಂಟಿತ್ತು. ಸಂದಿಯ ಬಾಯಲ್ಲಿ ಅವಳು ನಿಂತಳು. ಈ ಗೋದಾಮಿನ ಸರಕು ಕುಡಿದೇ ಗಂಡ ಸತ್ತದ್ದು. ಈಗ ತಮ್ಮ ಅದೇ ಗೋಡೆ ಸವರಿಕೊಂಡು ಹೋಗುತ್ತಿದ್ದಾನೆ.

ಶುಕ್ರವಾರ ಮನೆಯಲ್ಲಿ ಮಾತಿಲ್ಲ. ತಮ್ಮ ಒಮ್ಮೆ, "ಯಾಕಕ್ಕಾ, ಬಾಯಿಗೂ ಅರಗು ಹಾಕಿ ಮುದ್ರೆ ಒತ್ಕೊಂಡೆಯಾ?" ಎಂದ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಅವಳು ನಿರ್ಧರಿಸಿಯಾಗಿತ್ತು. ಹೆಸರು ಹೇಳುವುದು. ಹೇಳದಿದ್ದರೆ ಸತ್ತವನ ಮುಖ ನೆನೆಯಲೂ ತನಗೆ ಯೋಗ್ಯತೆಯಿಲ್ಲ.

ಶನಿವಾರ ಬೆಳಿಗ್ಗೆ ಸಾಹೇಬರು ಬಾಗಿಲಿನಿಂದಲೇ "ಆರು" ಎಂದರು. ಎರಡು ಜಾಗ. ಅವಳು ಆರು ಬಾಟಲಿ ತೊಳೆದು ಗೂಟಕ್ಕೆ ಸಿಕ್ಕಿಸಿದಳು. ಸಾಹೇಬರ ಕೋಣೆಗೆ ಹೋಗಬೇಕು ಅನ್ನುವಾಗ ಮೀಸೆ ಕೂಗಿದ, "ಅಕ್ಕಾ, ಜವಾನ ರಜೆ. ಎದುರುಗಡೆ ಇಸ್ತ್ರಿ ಅಂಗಡೀಲಿ ಸಾಹೇಬರ ಯೂನಿಫಾರ್ಮ್ ಇದೆ, ತಂದುಬಿಡ್ತೀಯಾ?" ಒಂದೈದು ನಿಮಿಷ ತಡವಾದರೆ ಅವಳಿಗೂ ಬೇಕಾಗಿತ್ತು. ಹೋದಳು.

ಇಸ್ತ್ರಿಯವನು ಅವಳನ್ನು ಕಂಡದ್ದೇ ಮಡಿಸಿಟ್ಟ ಖಾಕಿ ಬಟ್ಟೆಯನ್ನು ಮುಂದೆ ತಳ್ಳಿದ.

"ತಗೊಳ್ಳಿ. ರೆಡಿ ಮಾಡಿಟ್ಟಿದೀನಿ."

"ಇಷ್ಟು ಬೇಗನಾ? ನಿನ್ನೆ ತಾನೆ ಕೊಟ್ಟದ್ದಲ್ವಾ?"

"ಬೇರೆ ದಿನ ಆದ್ರೆ ಸಂಜೆ ಕೊಡ್ತಿದ್ದೆ. ಇವತ್ತು ದಾಳಿ ಅಲ್ವಾ, ಸಾಹೇಬ್ರಿಗೆ ಬೇಗ ಬೇಕಾಗುತ್ತೆ."

ಅವಳ ಕೈ ಬಟ್ಟೆಯ ಮೇಲೇ ನಿಂತಿತು. "ಯಾರು ಹೇಳಿದ್ರು ನಿಂಗೆ?"

"ಯಾರಾದ್ರೂ ಹೇಳ್ಬೇಕಾ?" ಅವನು ಇಸ್ತ್ರಿ ಪೆಟ್ಟಿಗೆಯ ಕೆಂಡ ಊದುತ್ತ ಗದ್ದದಿಂದಲೇ ಹೊರಗೆ ತೋರಿಸಿದ. "ಬಾಟಲಿ ಒಣಗ್ತಿವೆಯಲ್ಲ."

ಅವಳು ತಿರುಗಿದಳು. ಮನೆ ಹಿಂದಿನ ಓಣಿಯಲ್ಲಿದ್ದುದರಿಂದ ಹನ್ನೊಂದು ವರ್ಷವೂ ಅವಳು ಕಚೇರಿಗೆ ಬಂದು ಹೋದದ್ದು ಹಿಂಬಾಗಿಲಿನಿಂದ. ಮುಂದಿನ ಬೀದಿಯಲ್ಲಿ ನಿಂತು ಆ ಗೋಡೆಯನ್ನು ಒಂದು ದಿನವೂ ನೋಡಿರಲಿಲ್ಲ. ನೆತ್ತಿಯ ಮೇಲೆ ಆರು ಬಾಟಲಿ, ಬಿಸಿಲಿಗೆ ಅಂಗಡಿಯ ಬೋರ್ಡಿನ ಹಾಗೆ ಹೊಳೆಯುತ್ತಿದ್ದವು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣಿದ್ದವರಿಗೆಲ್ಲ ಕಾಣುತ್ತಿದ್ದವು. ದಿನಾ ದಾಳಿಯಿದ್ದಾಗ ಗೋಡೆಯ ಮೇಲೆ ದಿನಾ ಬಾಟಲಿಯಿರುತ್ತಿತ್ತು, ಅದರಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹೊಸ ಸಾಹೇಬರು ಗುಟ್ಟು ಮಾಡಿ ವಾರಕ್ಕೊಂದು ದಾಳಿ ಇಟ್ಟುಕೊಂಡಿದ್ದರಿಂದಲೇ ಬಾಟಲಿಗೆ ಬಾಯಿ ಬಂದಿತ್ತು. ಎಲ್ಲಿಗೆ ದಾಳಿ ಎಂಬುದು ಸಾಹುಕಾರನಿಗೆ ತಿಳಿಯಬೇಕಾಗಿಯೇ ಇರಲಿಲ್ಲ. ಬಾಟಲಿ ಕಂಡ ದಿನ ಅವನ ಕಡೆಯವರೆಲ್ಲ ನೆಲ ತೊಳೆದು ಟೀಗೆ ನೀರಿಟ್ಟರೆ ಸಾಕಿತ್ತು.

ಯೂನಿಫಾರ್ಮನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಸಾಹೇಬರ ಕೋಣೆಗೆ ಹೋದಳು.

"ಹೆಸರು?" ಎಂದರು ಸಾಹೇಬರು.

"ಸಿಕ್ತು ಸಾರ್. ನಾನೇ."

ಅವರು ತಲೆಯೆತ್ತಿದರು. ಅವಳು ಅವರನ್ನು ಬೀದಿಗೆ ಕರೆದೊಯ್ದು ಇಸ್ತ್ರಿ ಅಂಗಡಿಯ ಮುಂದೆ ನಿಲ್ಲಿಸಿ ಗೋಡೆ ತೋರಿಸಿದಳು. ಸಾಹೇಬರು ಒಂದೊಂದಾಗಿ ಬಾಟಲಿ ಎಣಿಸಿದರು. ಅವರ ಕಿವಿ ಕೆಂಪಗಾಯಿತು.

"ಸಿನಿಮಾದಲ್ಲಿ ಬಾಟಲಿ ತೊಳೆಯೋಳು ಇರಲಿಲ್ಲ" ಎಂದರು.

"ಇದ್ದಿರಬೇಕು ಸಾರ್. ತೋರಿಸಿರಲಿಕ್ಕಿಲ್ಲ."

ಆ ದಿನದ ದಾಳಿ ನಿಂತಿತು. ಮಂಗಳವಾರದವರೆಗೆ ಬಾಯಿ ಬಿಡಬೇಡ ಎಂದು ಸಾಹೇಬರು ತಾಕೀತು ಮಾಡಿದರು. ಆದರೆ ಸಂಜೆ ಮನೆಗೆ ಬಂದಾಗ ತಮ್ಮ ಮಂಚದ ಮೇಲೆ ಕೂತು ಅದೇ ಬೂಟಿಗೆ ದಾರ ಪೋಣಿಸುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಯಾರು ಕೊಟ್ಟಿದ್ದು ಇದನ್ನ?"

"ಹಾಲಿನ ಡೈರಿಯವರು. ಗೋದಾಮಿನ ಹಿಂದೆ ಇದೆಯಲ್ಲ, ಅಲ್ಲಿ ಲಾರಿ ಓಡಿಸ್ತೀನಿ ಅಂತ ಒಪ್ಕೊಂಡಿದೀನಿ. ಹದಿನೈದು ದಿನದಿಂದ ಬೆಳಿಗ್ಗೆ ದಾರಿ ತೋರಿಸ್ತಿದ್ರು. ಒಂದನೇ ತಾರೀಕಿಂದ ಅಲ್ಲೇ."

"ಜೀಪು?"

ಅವನು ದಾರ ಎಳೆದು ಬಿಗಿದ. "ದಾಳಿ ಇದೆ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗೋದು ನಿಂಗೆ. ಹಿಂಬಾಗಿಲಲ್ಲಿ ಆ ಹಳೇ ಬಾಟಲಿಯವನ ಜೊತೆ ಗಂಟೆಗಟ್ಟಲೆ ಮಾತಾಡ್ತೀಯ. ನಾನೂ ನೋಡ್ತಾನೇ ಇದ್ದೆ."

"ಅವನು ಬಾಯಿ ಒಡೆದ ಬಾಟಲಿ ಕೊಡ್ತಾನೆ, ಅದಕ್ಕೆ ಜಗಳ ಆಡ್ತೀನಿ ಕಣೋ!"

"ನಂಗೇನು ಗೊತ್ತು? ನಾನು ಹಠಾತ್ತಾಗಿ ಕೆಲಸ ಬಿಟ್ಟು ಹೋದ್ರೆ, ಸಾಹುಕಾರನ ಹಳೇ ಡ್ರೈವರ್ರು ಓಡಿಹೋದ, ಅವನೇ ಕಳ್ಳ ಅಂತಾರೆ. ನಿನ್ನ ಹೆಸರು ಎತ್ತೋದಿಲ್ಲ ಅಂದ್ಕೊಂಡೆ."

ಅವಳು ಗೋಡೆಗೆ ಒರಗಿ ನಿಂತಳು. ಗೋಡೆ ಮೇಲಿನ ಬಾಟಲಿಯ ಕಥೆಯನ್ನು ಒಂದೇ ಉಸಿರಿಗೆ ಹೇಳಿದಳು. ಅವನು ಮೊದಲು ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಂತಿತು.

"ಅಕ್ಕಾ, ಇಸ್ತ್ರಿ ಅಂಗಡಿಗೆ ಹೋಗದೇ ಇದ್ದಿದ್ರೆ ನೀನು ನನ್ನ ಹೆಸರು ಹೇಳ್ತಿದ್ಯಾ?"

ಸುಳ್ಳು ಹೇಳುವುದು ಸುಲಭವಿತ್ತು.

"ಹೇಳ್ತಿದ್ದೆ" ಎಂದಳು.

ಅವನು ಬೂಟನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿದ.

ಮಂಗಳವಾರ ಗೋಡೆ ಬೋಳಾಗಿತ್ತು. ಮೂರು ಬಾಟಲಿ ಅವಳ ಅಡುಗೆ ಒಲೆಯ ಪಕ್ಕ, ಬುಟ್ಟಿಯಡಿ ಒಣಗಿದವು. ಇಳಿಹೊತ್ತಿನಲ್ಲಿ ತಮ್ಮನೇ ಜೀಪು ಓಡಿಸಿದ. ಸಕ್ಕರೆ ಸಾಹುಕಾರನ ಗೋದಾಮಿನ ನೆಲ ಅಂದು ಒಣಗಿತ್ತು, ಪೀಪಾಯಿಗಳು ತುಂಬಿದ್ದವು, ಟೀ ಇರಲಿಲ್ಲ. ಆ ಸಂಜೆ ಅರಗು ಕರಗಿಸುವಾಗ ಅವಳ ಹೆಬ್ಬೆರಳಿಗೆ ಇನ್ನೊಂದು ಕಲೆ ಬಿತ್ತು.

ಸಾಹೇಬರು ಅವಳ ಕೆಲಸ ಉಳಿಸಿದರು. ಈಗ ದಾಳಿ ಇರಲಿ ಬಿಡಲಿ, ಗೋಡೆಯ ಮೇಲೆ ದಿನಾ ಆರು ಬಾಟಲಿ ನಿಲ್ಲಿಸಬೇಕೆಂದು ಅವರ ಅಪ್ಪಣೆ. ನಿಜವಾದವು ಒಲೆಯ ಪಕ್ಕ. ಇಸ್ತ್ರಿಯವನು ದಿನಾ ಬೆಳಿಗ್ಗೆಯೇ ಯೂನಿಫಾರ್ಮ್ ಕಳಿಸಿಕೊಡುತ್ತಾನೆ.

ತಮ್ಮ ಒಂದನೆಯ ತಾರೀಕು ಡೈರಿಗೇ ಹೋದ. ಅವರ ಪಾಳಿ ಕೂಡದ ಕಾರಣ ಮನೆಯಲ್ಲಿ ಒಬ್ಬರಿಗೊಬ್ಬರು ಸಿಗುವುದೇ ಕಡಿಮೆ. ಬೆಳಿಗ್ಗೆ ಲಾರಿ ಓಣಿಯ ಬಾಯಲ್ಲಿ ನಿಲ್ಲುತ್ತದೆ, ಹೊಸ ಬೂಟಿನ ಸದ್ದು ಹೊಸ್ತಿಲವರೆಗೆ ಬಂದು ಹಿಂದೆ ಹೋಗುತ್ತದೆ. ಹೊಸ್ತಿಲ ಮೇಲೆ ಒಂದು ಬಾಟಲಿ ಹಾಲು.

ಅವಳು ಹಾಲು ಬಗ್ಗಿಸಿಕೊಂಡು ಬಾಟಲಿಯನ್ನು ಸೋಡಾ ನೀರಲ್ಲಿ ಉಜ್ಜಿ, ಮೂರು ಸಲ ಜಾಲಿಸಿ, ಬಾಯಿ ಕೆಳಗೆ ಮಾಡಿ ಒಲೆಯ ಪಕ್ಕ ಇಡುತ್ತಾಳೆ. ಇಟ್ಟ ಮೇಲೆ ಒಮ್ಮೆ ಹೊರಗೆ ಹೋಗಿ, ಓಣಿಯಿಂದ ಅದು ಕಾಣುತ್ತದೆಯೇ ಎಂದು ನೋಡಿ ಬರುತ್ತಾಳೆ.